ಯೀಸ್ಟು ಮಾಡಿದ ಮಲೇರಿಯಾ ಮದ್ದು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಹಾಲಿನ ಸಂಘವನ್ನು ಬಾಗಿಲು ಹಾಕದೆ ನಡೆಸಿಕೊಂಡು ಬರುವುದು ಸುಲಭದ ಮಾತಲ್ಲ. ಮೊದಲು ತಮಗೆಲ್ಲ ನಮ್ಮ ಅಭಿನಂದನೆಗಳು. ವಿಜ್ಞಾನ ಮತ್ತು ರೈತ ಎಂಬ ವಿಷಯ ಕೊಟ್ಟು ಮಾತಾಡಿ ಎಂದಿದ್ದೀರಿ. ವಿಷಯ ದೊಡ್ಡದು, ಹೊತ್ತು ಕಡಿಮೆ. ಆದ್ದರಿಂದ ಒಂದೇ ಒಂದು ಪ್ರಯೋಗಶಾಲೆಯವರ ಕಥೆ ಹೇಳಿ ಮುಗಿಸುತ್ತೇವೆ. ಅದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ್ದು, ಬರ್ಕ್ಲಿ ಎಂಬ ಊರಿನಲ್ಲಿದೆ. ಅವರ ವಿದ್ಯೆಗೆ ಮೆಟಬಾಲಿಕ್ ಎಂಜಿನಿಯರಿಂಗ್ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ನಮ್ಮ ಮನೆಗಳಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗಿದರೆ ಬೆಳಗ್ಗೆ ಮೊಸರು. ಕೆಲಸ ಮಾಡಿದ್ದು ಕಣ್ಣಿಗೆ ಕಾಣದ ಜೀವಿಗಳು. ಹಾಲಿನ ಸಕ್ಕರೆ ತಿಂದು ಹುಳಿ ಬಿಟ್ಟವು, ಅಷ್ಟೆ. ಅಂಥ ಜೀವಿಯ ಒಳಗಿನ ಏರ್ಪಾಡನ್ನೇ ತಿದ್ದಿ, ಅದರ ಕೈಯಲ್ಲಿ ನಮಗೆ ಬೇಕಾದ ಔಷಧಿ ಮಾಡಿಸಿಕೊಳ್ಳುವುದು ಈ ವಿದ್ಯೆ.

ಆ ಪ್ರಯೋಗಶಾಲೆಯ ಹಿರಿಯರು ಜೇ ಕೀಸ್ಲಿಂಗ್. 1964ರಲ್ಲಿ ಹುಟ್ಟಿದವರು, ನೆಬ್ರಾಸ್ಕಾ ರಾಜ್ಯದ ಹಾರ್ವರ್ಡ್ ಎಂಬ ಊರಿನ ಬೇಸಾಯದ ಮನೆತನ. (ಹಾರ್ವರ್ಡ್ ಎಂದೊಡನೆ ಹೆಸರಾದ ವಿಶ್ವವಿದ್ಯಾನಿಲಯ ನೆನೆಯಬೇಡಿ, ಇದು ಮೆಕ್ಕೆಜೋಳ, ಸೋಯಾ ಬೆಳೆಯುವ ಸಣ್ಣ ಊರು.) ಹೊಲ, ದನ ನೋಡಿ ಬೆಳೆದವರು ರಸಾಯನ ಎಂಜಿನಿಯರಿಂಗ್ ಓದಿ 1992ರಲ್ಲಿ ಬರ್ಕ್ಲಿಗೆ ಮೇಷ್ಟರಾಗಿ ಬಂದರು.

ಅವರು ಕೈ ಹಾಕಿದ್ದು ಮಲೇರಿಯಾ ಔಷಧಿಗೆ. 1972ರಲ್ಲಿ ಚೀನಾದ ಟು ಯೂಯೂ ಎಂಬ ಮಹಿಳೆ ಮತ್ತು ಅವರ ಸಂಗಡಿಗರು ಒಂದು ಗಿಡದಿಂದ ಆರ್ಟಿಮಿಸಿನಿನ್ ಎಂಬ ಮದ್ದು ಬೇರ್ಪಡಿಸಿದ್ದರು. ಆಕೆಗೆ 2015ರಲ್ಲಿ ನೊಬೆಲ್ ಬಂತು. ಆ ಗಿಡ ಬೇರೆ ಯಾವುದೂ ಅಲ್ಲ, ನಮ್ಮ ಹೂವಿನ ಮಾಲೆಗೆ ಕಟ್ಟುವ ದವನದ ದಾಯಾದಿ. ಕುಲ ಒಂದೇ, ಜಾತಿ ಬೇರೆ. ಒಣಗಿದ ಎಲೆ ನೂರು ಕಿಲೋ ತಂದರೆ ಸಿಗುವ ಮದ್ದು ಸುಮಾರಾಗಿ ಒಂದು ಕಿಲೋ. ಎಷ್ಟೋ ಸಲ ಅಷ್ಟೂ ಇಲ್ಲ. ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ಸಣ್ಣ ರೈತರು ಬೆಳೆಯುತ್ತಾರೆ. ಬೆಲೆ ಬಂದ ವರ್ಷ ಎಲ್ಲರೂ ಬಿತ್ತುತ್ತಾರೆ, ಮರುವರ್ಷ ಬೆಲೆ ಬೀಳುತ್ತದೆ, ಅದರಾಚೆ ವರ್ಷ ಯಾರೂ ಬಿತ್ತುವುದಿಲ್ಲ. ಟೊಮ್ಯಾಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಬೆಳೆ ಸಾಲದೆ ಹೋದರೆ ಮಗುವಿಗೆ ಮಾತ್ರೆ ಸಿಗುವುದಿಲ್ಲ.

ಹಾಗಾದರೆ ಗಿಡವನ್ನೇ ನೆಚ್ಚದೆ ಮಾಡಬಹುದೇ? ವಿನ್ಸೆಂಟ್ ಮಾರ್ಟಿನ್ ಮತ್ತು ಜತೆಗಾರರು ಯೀಸ್ಟಿನ ಜೀನುಗಳನ್ನು ಒಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಗಿಡದ ಇನ್ನೊಂದು ಜೀನನ್ನೂ ಕೂಡಿಸಿ, ಮದ್ದಿನ ಮೊದಲ ಮೆಟ್ಟಿಲಿನ ಪದಾರ್ಥ ತೆಗೆದರು. ಅದು 2003. ಮುಂದಿನ ಮೆಟ್ಟಿಲಿಗೆ ಬೇಕಾದ ಗಿಡದ ಕಿಣ್ವಕ್ಕೆ ಬ್ರೆಡ್ಡು ಉಬ್ಬಿಸುವ ಯೀಸ್ಟೇ ಒಗ್ಗುವ ಮನೆ ಎಂದು ಅದಕ್ಕೆ ತಿರುಗಿದರು. 2006ರಲ್ಲಿ ಡೇ-ಕ್ಯುನ್ ರೋ ಮೊದಲಾದವರು ಲೀಟರಿಗೆ ನೂರು ಮಿಲಿಗ್ರಾಂ ಆರ್ಟಿಮಿಸಿನಿಕ್ ಆಮ್ಲ ತೋರಿಸಿದರು. ಇದು ಕೊನೆಯ ಮದ್ದಲ್ಲ, ಅದರ ಹಿಂದಿನ ಹಂತ. ಆ ಇಳುವರಿಯಲ್ಲಿ ಕಾರ್ಖಾನೆ ನಡೆಯದು. ಪ್ರಯೋಗಶಾಲೆಯ ಹುಡುಗರೇ ಕೀಸ್ಲಿಂಗರ ಜತೆಗೂಡಿ ಅಮೈರಿಸ್ ಎಂಬ ಕಂಪನಿ ಕಟ್ಟಿದ್ದರು. ಅಲ್ಲಿ ಕ್ರಿಸ್ ಪ್ಯಾಡನ್ ಮತ್ತಿತರರು, ಕೆನಡಾದ ಸಸ್ಯವಿಜ್ಞಾನಿಗಳು ಹುಡುಕಿಕೊಟ್ಟ ಜೀನುಗಳನ್ನೂ ಸೇರಿಸಿ, 2013ರ ಹೊತ್ತಿಗೆ ಲೀಟರಿಗೆ 25 ಗ್ರಾಂ ಮುಟ್ಟಿಸಿದರು. ಇನ್ನೂರೈವತ್ತು ಪಟ್ಟು! ಒಟ್ಟು ದುಡಿಮೆ 150 ಮನುಷ್ಯ-ವರ್ಷ ಎಂದು ಲೆಕ್ಕ ಹೇಳುತ್ತಾರೆ; ಒಬ್ಬನೇ ಮಾಡಿದ್ದರೆ ನೂರೈವತ್ತು ವರ್ಷ ಹಿಡಿಯುತ್ತಿತ್ತು ಎಂದಂತೆ. ಪತ್ರಿಕೆಯಲ್ಲಿ ಒಬ್ಬರ ಫೋಟೋ ಬರುತ್ತದೆ. ರಾತ್ರಿಯೆಲ್ಲಾ ಕೂತು ಸೀಸೆ ಕಾದವರು ಹತ್ತಾರು ಜನ. ನಮ್ಮ ಸಂಘದಲ್ಲಿ ಚಳಿಯಲ್ಲಿ ಎದ್ದು ಫ್ಯಾಟ್ ನೋಡುವ ಹುಡುಗನ ಹೆಸರು ಎಷ್ಟು ಜನಕ್ಕೆ ನೆನಪಿರುತ್ತದೆ ಹೇಳಿ.

ಹಣದ ಸಂಗತಿಯೂ ತಿಳಿದಿರಲಿ. 2004ರಲ್ಲಿ ಗೇಟ್ಸ್ ಪ್ರತಿಷ್ಠಾನ 4 ಕೋಟಿ 26 ಲಕ್ಷ ಡಾಲರ್ ಕೊಟ್ಟಿತು. ಅದನ್ನು ಪಡೆದು ವಿಶ್ವವಿದ್ಯಾನಿಲಯವನ್ನೂ ಕಂಪನಿಯನ್ನೂ ಒಂದೆಡೆ ತಂದದ್ದು ವಿಕ್ಟೋರಿಯಾ ಹೇಲ್ ಎಂಬಾಕೆ ಕಟ್ಟಿದ, ಲಾಭ ನೋಡದ ಔಷಧಿ ಸಂಸ್ಥೆ. ಬಡವರ ಮಲೇರಿಯಾ ಮದ್ದಿಗೆ ರಾಯಧನ ಬೇಡ ಎಂದು ವಿಶ್ವವಿದ್ಯಾನಿಲಯ ಬಿಟ್ಟುಕೊಟ್ಟಿತು. ಇದು ದೊಡ್ಡ ಮನಸ್ಸು, ಒಪ್ಪಲೇಬೇಕು.

ಆಮೇಲೆ ಏನಾಯಿತು? ಸನೋಫಿ ಕಂಪನಿ ಇಟಲಿಯ ಗಾರೆಸ್ಸಿಯೊ ಎಂಬಲ್ಲಿ 2013ರಲ್ಲಿ ಉತ್ಪಾದನೆ ಶುರು ಮಾಡಿತು. ವರ್ಷಕ್ಕೆ 50-60 ಟನ್ ತೆಗೆಯುವ ಯೋಜನೆ. ಲಾಭವೂ ಬೇಡ ನಷ್ಟವೂ ಬೇಡ ಎಂದು ಇಟ್ಟ ಬೆಲೆ ಕಿಲೋಗೆ 350ರಿಂದ 400 ಡಾಲರ್. ಅಷ್ಟು ಹೊತ್ತಿಗೆ ರೈತರ ಎಲೆ ಮಾರುಕಟ್ಟೆಯಲ್ಲಿ ತುಂಬಿ, ಗಿಡದ ಮದ್ದು 250 ಡಾಲರಿಗಿಂತ ಕೆಳಗಿಳಿದಿತ್ತು. 2015ರಲ್ಲಿ ಆ ಕಾರ್ಖಾನೆ ಯೀಸ್ಟಿನಿಂದ ಒಂದು ಕಿಲೋ ಕೂಡ ತೆಗೆಯಲಿಲ್ಲ. ಮುಂದೆ ಕಾರ್ಖಾನೆ ಬೇರೆಯವರ ಪಾಲಾಯಿತು. ಬುದ್ಧಿವಂತರ ನೂರೈವತ್ತು ವರ್ಷದ ದುಡಿಮೆಯನ್ನು ಹೊಲದ ಎಲೆ ಸೋಲಿಸಿತು ಎಂದು ನಗುವವರು ನಕ್ಕರು.

ನಮಗೆ ಮಾತ್ರ ನಗು ಬರಲಿಲ್ಲ. ಗೆದ್ದ ರೈತನ ಕೈಗೆ ಏನು ಬಂತು? ಬಿದ್ದ ಬೆಲೆ. ಯೀಸ್ಟು ಸೋತು ಸುಮ್ಮನೆ ಕೂತಿಲ್ಲ. ಎಲೆಯ ಬೆಲೆ ಮತ್ತೆ ಏರಿದರೆ ನಾವಿದ್ದೇವೆ ಎಂದು ಆ ವಿದ್ಯೆ ಕಾದಿರುತ್ತದೆ. ರೋಗಿಗೆ ಅದು ಒಳ್ಳೆಯದೇ, ಮಾತ್ರೆ ತಪ್ಪುವುದಿಲ್ಲ. ಬೆಳೆಗಾರನಿಗೆ ಮಾತ್ರ ಬೆಲೆ ಬೀಳುವುದಕ್ಕೆ ತಡೆಯಿಲ್ಲ, ಏರುವುದಕ್ಕೆ ತಡೆ ಇದೆ. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಬಂದ ಮೇಲೆ ನಮ್ಮ ದೇಶದ ನೀಲಿ ಬೆಳೆ ಕೆಲವೇ ವರ್ಷಗಳಲ್ಲಿ ನೆಲ ಕಚ್ಚಿತು. ಆ ಬೆಳೆಯಲ್ಲಿ ರೈತರಿಗೆ ಜುಲುಮೆಯೂ ಇತ್ತು, ಹೋದದ್ದು ಒಳ್ಳೆಯದಾಯಿತು ಎನ್ನುವವರೂ ಉಂಟು. ಈ ದವನದ ದಾಯಾದಿಯನ್ನು ಯಾರೂ ಜುಲುಮೆಯಿಂದ ಬೆಳೆಸಲಿಲ್ಲ. ನಾಲ್ಕು ಕಾಸು ಸಿಗಲೆಂದು ಬೆಳೆದರು.

ಇದು ಪರದೇಶದ ಕಥೆ, ನಮಗೇನು ಎನ್ನಬೇಡಿ. ನಿಮ್ಮ ಹಿತ್ತಲಲ್ಲಿ ನಿತ್ಯಪುಷ್ಪದ ಗಿಡ ಇದೆಯಲ್ಲ, ಕೆಲವರು ಕಾಶಿಕಣಗಿಲೆ ಅನ್ನುತ್ತಾರೆ. ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬರುವುದು ಅದರ ಎಲೆಯಿಂದ. ತಮಿಳುನಾಡಿನಲ್ಲಿ ಅದನ್ನು ಹೊಲದಲ್ಲೇ ಬೆಳೆದು ಮಾರುವ ರೈತರಿದ್ದಾರೆ. 2022ರಲ್ಲಿ ಜೀ ಝಾಂಗ್, ಕೀಸ್ಲಿಂಗ್ ಮತ್ತು ಸಂಗಡಿಗರು, ಗಿಡದ ಮೂವತ್ತಕ್ಕೂ ಹೆಚ್ಚು ಜೀನುಗಳನ್ನು ಯೀಸ್ಟಿಗೆ ಹಾಕಿ, ಆ ಔಷಧಿಯ ಎರಡು ಭಾಗಗಳನ್ನು ಮಾಡಿಸಿದರು. ಬಂದದ್ದು ಬಹಳ ಅಲ್ಪ. 2003ರಲ್ಲಿ ಮಲೇರಿಯಾ ಮದ್ದಿಗೂ ಅಲ್ಪವೇ ಬಂದಿತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಡುಗೆಯೂ ಆಗಿದೆಯಂತೆ. ಯುವಕರು ಪ್ರಶ್ನೆ ಕೇಳುವುದಿದ್ದರೆ ಊಟದ ಪಂಕ್ತಿಯಲ್ಲೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇವೆ.