ಮೇಷ್ಟ್ರು ಯಾವ ಕಡೆ?

(ವಿದ್ಯಾರ್ಥಿನಿಲಯವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತು. ಕೇಳಿದವರ ಒತ್ತಾಯಕ್ಕೆ ಬರೆದು ಕೊಟ್ಟದ್ದು.)



ವಿಶ್ವವಿದ್ಯಾನಿಲಯದ ಮೇಷ್ಟ್ರುಗಳಿಗೆ ರಾಜಕೀಯ ಇರಬಹುದೆ? ಇದ್ದರೆ ಅದನ್ನು ತರಗತಿಗೆ ತರಬಹುದೆ? ಇದು ಇವತ್ತು ನೀವು ನನಗೆ ಕೊಟ್ಟಿರುವ ವಿಷಯ.

ನಮಗೆ ಇದು ಚರ್ಚಾಸ್ಪರ್ಧೆಯ ಮಾತಲ್ಲ. ನಮ್ಮ ಇಂಟರ್ನಲ್ ಅಂಕ ಮೇಷ್ಟ್ರ ಕೈಲಿದೆ. ವೈವಾ ಅವರ ಕೈಲಿದೆ. ಪಿಎಚ್.ಡಿ.ಗೆ ಗೈಡ್ ಆಗೋರೂ ಅವರೇ, ಆಗಲ್ಲ ಅನ್ನೋರೂ ಅವರೇ. ಊರಿನ ಗೌಡನ ಹೆದರಿಕೆ ತಪ್ಪಲಿ ಅಂತ ಅಪ್ಪ ಅವ್ವ ನಮ್ಮನ್ನು ಹಾಸ್ಟೆಲಿಗೆ ಕಳಿಸಿದರು. ಇಲ್ಲಿ ಬಂದು ನೋಡಿದರೆ ಹೆದರಿಕೆ ಪ್ಯಾಂಟು ಷರಟು ಹಾಕಿಕೊಂಡು ಕುರ್ಚಿ ಮೇಲೆ ಕೂತಿದೆ. ಆದ್ದರಿಂದ ಮೇಷ್ಟ್ರು ಯಾವ ಕಡೆ ಅನ್ನೋದು ನಮ್ಮ ಅನ್ನದ ಪ್ರಶ್ನೆ.

ಈ ಜಗಳ ಅಮೆರಿಕದಲ್ಲಿ ನೂರಿಪ್ಪತ್ತು ವರ್ಷಕ್ಕೂ ಹಳೆಯದು. ಅಲ್ಲಿಂದಲೇ ಶುರು ಮಾಡ್ತೀನಿ. ಯಾಕೆಂದರೆ ಅದರ ಒಂದು ಎಳೆ ನೇರವಾಗಿ ಬಾಬಾಸಾಹೇಬರ ಓದಿನ ಕೋಣೆಗೆ ಬಂದು ಮುಟ್ಟುತ್ತದೆ.

1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ರಾಸ್ ಅನ್ನುವ ಮೇಷ್ಟ್ರು ಕೆಲಸ ಕಳಕೊಂಡ. ಆ ವಿಶ್ವವಿದ್ಯಾನಿಲಯ ಕಟ್ಟಿಸಿದ್ದು ರೈಲ್ವೆ ದುಡ್ಡು. ರೈಲ್ವೆ ಸಾಹುಕಾರನ ಹೆಂಡತಿ ಜೇನ್ ಸ್ಟ್ಯಾನ್‌ಫರ್ಡ್‌ಗೆ ಈತನ ಭಾಷಣ ಹಿಡಿಸಲಿಲ್ಲ, ಕಳಿಸಿ ಅಂದಳು, ಕಳಿಸಿದರು. ಈ ರಾಸ್ ನಮ್ಮ ಕಡೆಯವನೇನಲ್ಲ. ಏಷ್ಯಾದಿಂದ ಕೂಲಿಗೆ ಬರುವ ಜನರನ್ನು ಒಳಗೆ ಬಿಡಬಾರದು ಅಂತ ಭಾಷಣ ಮಾಡಿದವನು. ಆದರೂ ಅವನ ಜೊತೆಯ ಕೆಲವು ಮೇಷ್ಟ್ರುಗಳು ರಾಜೀನಾಮೆ ಬಿಸಾಕಿ ಹೊರಗೆ ಬಂದರು. ಅವರಲ್ಲೊಬ್ಬ ಆರ್ಥರ್ ಲವ್‌ಜಾಯ್. ದುಡ್ಡು ಕೊಟ್ಟವನ ಮನಸ್ಸಿಗೆ ಬಂದಂತೆ ಮೇಷ್ಟ್ರ ಬಾಯಿ ಮುಚ್ಚಿಸುವುದಾದರೆ ಇವತ್ತು ಇವನು, ನಾಳೆ ಯಾರು ಅನ್ನೋದು ಅವರ ಲೆಕ್ಕ. ಆ ಲೆಕ್ಕ ಸುಳ್ಳಾಗಲಿಲ್ಲ. 1915ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ಸ್ಕಾಟ್ ನಿಯರಿಂಗ್‌ನನ್ನು ತೆಗೆದು ಹಾಕಿತು. ಎಳೆಯ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸುವುದರ ವಿರುದ್ಧ ಮಾತಾಡುತ್ತಿದ್ದವನು ಅವನು.

ಅದೇ 1915ರಲ್ಲಿ ಅಮೆರಿಕದ ಪ್ರೊಫೆಸರುಗಳು ಒಂದು ಸಂಘ ಕಟ್ಟಿದರು. ಅದರ ಮೊದಲ ಅಧ್ಯಕ್ಷ ಜಾನ್ ಡ್ಯೂಯಿ. ಮೇಷ್ಟ್ರ ಸ್ವಾತಂತ್ರ್ಯದ ಬಗ್ಗೆ ಆ ಸಂಘದ ಹೇಳಿಕೆ ಬರೆದ ಸಮಿತಿಯ ಮುಖ್ಯಸ್ಥ ಎಡ್ವಿನ್ ಸೆಲಿಗ್‌ಮನ್. ಹೆಸರು ಕೇಳಿದ ಹಾಗಿದೆಯಲ್ಲವೆ? 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಂಬೇಡ್ಕರ್ ಅನ್ನುವ ವಿದ್ಯಾರ್ಥಿಗೆ ಪಾಠ ಹೇಳಿದ ಮೇಷ್ಟ್ರುಗಳು ಇವರೇ. ಇವರು ಹೇಳಿಕೆ ಬರೆಯುತ್ತಿದ್ದ ಹೊತ್ತಿನಲ್ಲಿ ನಮ್ಮವರು ಅದೇ ಅಂಗಳದ ಲೈಬ್ರರಿಯಲ್ಲಿ ಓದುತ್ತಿದ್ದರು.

ಆ ಹೇಳಿಕೆಯ ತಿರುಳನ್ನು ನನ್ನ ಮಾತಲ್ಲಿ ಹೇಳ್ತೀನಿ. ಮೇಷ್ಟ್ರು ಸಾಹುಕಾರನ ಆಳಲ್ಲ, ಸಮಾಜಕ್ಕೆ ಉತ್ತರ ಕೊಡಬೇಕಾದವನು. ಅವನಿಗೆ ಅಭಿಪ್ರಾಯ ಇರಬಹುದು, ಹೇಳಬಹುದು. ಆದರೆ ಜಗಳದ ವಿಷಯ ಪಾಠ ಮಾಡುವಾಗ ಎದುರು ಪಕ್ಷದವರು ಏನು ಹೇಳುತ್ತಾರೆ ಅನ್ನುವುದನ್ನು ಮುಚ್ಚಿಡದೆ, ತಿರುಚದೆ ಮುಂದಿಡಬೇಕು. ಹುಡುಗರಿಗೆ ತೀರ್ಮಾನ ಕಟ್ಟಿ ಕೊಡಬಾರದು. ತಾವೇ ತೂಗಿ ನೋಡುವುದನ್ನು ಕಲಿಸಬೇಕು.

ಮಾತು ಚೆನ್ನಾಗಿದೆ. ನಡೆದದ್ದೇನು? ಎರಡೇ ವರ್ಷಕ್ಕೆ, 1917ರಲ್ಲಿ, ಅದೇ ಕೊಲಂಬಿಯಾ ಯುದ್ಧದ ಹೊತ್ತಿನಲ್ಲಿ ಕ್ಯಾಟೆಲ್ ಮತ್ತು ಡಾನಾ ಅನ್ನುವ ಇಬ್ಬರು ಮೇಷ್ಟ್ರನ್ನು ಹೊರಗೆ ಹಾಕಿತು. ಅದನ್ನು ಪ್ರತಿಭಟಿಸಿ ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ ರಾಜೀನಾಮೆ ಕೊಟ್ಟ. 1949ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಕಮ್ಯೂನಿಸ್ಟರೆಂಬ ಆಪಾದನೆ ಹೊರಿಸಿ ಮೂವರನ್ನು ತೆಗೆಯಿತು. 1950ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕದ 31 ಮಂದಿಯನ್ನು ಮನೆಗೆ ಕಳಿಸಿತು. ಹೀಗೆ ಹೊರಗೆ ಹಾಕಿಸಿಕೊಂಡವರು ಬಹುಪಾಲು ಯಾವ ಕಡೆಯವರು ಅಂತ ನೀವೇ ನೋಡಿ.

ಇನ್ನು ಎದುರು ಪಕ್ಷದ ಮಾತನ್ನೂ ಕೇಳೋಣ. ಕೇಳದಿದ್ದರೆ ಈಗ ತಾನೇ ಹೇಳಿದ ನಿಯಮವನ್ನು ನಾನೇ ಮುರಿದ ಹಾಗೆ. 1951ರಲ್ಲಿ ವಿಲಿಯಂ ಬಕ್ಲೀ ಅನ್ನುವ ಯೇಲ್ ಪದವೀಧರ ಒಂದು ಪುಸ್ತಕ ಬರೆದ. ನಮ್ಮ ಮೇಷ್ಟ್ರುಗಳು ದೇವರನ್ನೂ ಖಾಸಗಿ ಬಂಡವಾಳವನ್ನೂ ಹಳಿಯುತ್ತಾರೆ, ಇವರನ್ನು ಹದ್ದುಬಸ್ತಿನಲ್ಲಿ ಇಡಬೇಕು ಅಂದ. ಆ ದೂರು ಇವತ್ತಿಗೂ ನಿಂತಿಲ್ಲ. ಅದರಲ್ಲಿ ನಿಜ ಇಲ್ಲದೆಯೂ ಇಲ್ಲ. ನೀಲ್ ಗ್ರಾಸ್ ಮತ್ತು ಸೋಲನ್ ಸಿಮನ್ಸ್ 2007ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ಅಮೆರಿಕದ ಪ್ರೊಫೆಸರುಗಳಲ್ಲಿ ಉದಾರವಾದಿಗಳು ನೂರಕ್ಕೆ 44ರಷ್ಟು, ನಡುವಿನವರು 46ರಷ್ಟು, ಸಂಪ್ರದಾಯವಾದಿಗಳು ಬರೀ 9ರಷ್ಟು.

"ನಮ್ಮ ವಿಚಾರದವರು ನೂರಕ್ಕೆ ಒಂಬತ್ತು ಜನ, ಯಾಕೆ?" ಅಂತ ಆ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕುರ್ಚಿ ಎಣಿಸುವ ಪ್ರಶ್ನೆ ನಮಗೆ ಹೊಸದಲ್ಲ. ಅದಕ್ಕೆ ಅಲ್ಲಿ ಬರುವ ಒಂದು ಉತ್ತರ ಕೇಳಿ: ಅವರು ತಾವಾಗಿಯೇ ಈ ಕೆಲಸಕ್ಕೆ ಬರುವುದಿಲ್ಲ, ಬೇರೆ ಕಡೆ ಹೋಗುತ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಬಗ್ಗೆಯೂ ಇದೇ ಉತ್ತರ ತಾನೆ? "ಅರ್ಹ ಅಭ್ಯರ್ಥಿ ಸಿಗಲಿಲ್ಲ." ಸಂದರ್ಶನದ ಕಾಗದದ ಮೇಲೆ ಮೂರು ಪದ, ಹುದ್ದೆ ಖಾಲಿ.

ಆದರೆ ಒಂದು ವ್ಯತ್ಯಾಸ ಇದೆ, ಮರೀಬೇಡಿ. ವಿಚಾರವನ್ನು ಮನುಷ್ಯ ಬದಲಾಯಿಸಬಲ್ಲ, ಬೇಕಾದರೆ ಬಚ್ಚಿಡಬಲ್ಲ. ಹುಟ್ಟನ್ನು ಎಲ್ಲಿ ಬಚ್ಚಿಡೋದು? 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಫಿಲಡೆಲ್ಫಿಯಾದ ಕರಿಯರ ಬದುಕಿನ ಬಗ್ಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಕ್ಕೆ ಅಧ್ಯಯನ ಮಾಡಿಕೊಟ್ಟ. ಅವನಿಗೆ ಕೊಟ್ಟದ್ದು ಸಹಾಯಕ ಬೋಧಕ ಅನ್ನುವ ಹೆಸರು. ಬಿಳಿಯರ ಯಾವ ವಿಶ್ವವಿದ್ಯಾನಿಲಯವೂ ಅವನಿಗೆ ಪ್ರೊಫೆಸರ್ ಕುರ್ಚಿ ಕೊಡಲಿಲ್ಲ. ಕೆಲಸ ಕಳಕೊಂಡ ಬಿಳಿಯ ಮೇಷ್ಟ್ರ ಪರವಾಗಿ ಸಂಘ ಹುಟ್ಟಿತು. ಕೆಲಸವೇ ಸಿಗದವನ ಪರವಾಗಿ ಯಾರು ರಾಜೀನಾಮೆ ಕೊಟ್ಟರು?

ಈಗ ನಮ್ಮ ಅಂಗಳಕ್ಕೆ ಬನ್ನಿ. 1918ರಲ್ಲಿ ಬೊಂಬಾಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅಂಬೇಡ್ಕರ್ ಅರ್ಥಶಾಸ್ತ್ರದ ಪ್ರೊಫೆಸರ್ ಆದರು. ಡ್ಯೂಯಿ, ಸೆಲಿಗ್‌ಮನ್ ಶಿಷ್ಯ. ಮೇಷ್ಟ್ರುಗಳ ಕೋಣೆಯಲ್ಲಿದ್ದ ನೀರಿನ ಗಡಿಗೆ ಮುಟ್ಟಬಾರದು ಅಂತ ಜೊತೆಯ ಪ್ರೊಫೆಸರುಗಳು ಆಕ್ಷೇಪಿಸಿದರು. ಆ ಗಡಿಗೆಗೆ ರಾಜಕೀಯ ಇರಲಿಲ್ಲವೆ? ಆ ಪ್ರೊಫೆಸರುಗಳನ್ನು ಪಕ್ಷಪಾತಿಗಳು ಅಂತ ಆವತ್ತು ಯಾರೂ ಕರೆಯಲಿಲ್ಲ. ಅವರು ಪಾಠ ಮಾಡುತ್ತಿದ್ದರು, ನೀರು ಕುಡಿಯುತ್ತಿದ್ದರು, ತಟಸ್ಥರಾಗಿದ್ದರು!

ಇದು ನಮ್ಮ ದೇಶದ ಪಕ್ಷಪಾತದ ಗುಟ್ಟು. ಇರುವುದನ್ನು ಇರುವ ಹಾಗೇ ಇಟ್ಟರೆ ಅದಕ್ಕೆ ವಿದ್ವತ್ತು ಅನ್ನುವ ಹೆಸರು. ಅಲ್ಲಾಡಿಸಿದರೆ ರಾಜಕೀಯ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಬೀದಿಗೆ ಬೆಂಕಿ ಬಿತ್ತು, ದಲಿತ ಹುಡುಗರಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಅದಕ್ಕೆ ಮೊದಲು ಎಷ್ಟೋ ಕಾಲ ನಮ್ಮ ಕೇರಿ ಇಲ್ಲದ ಸಾಹಿತ್ಯ ಚರಿತ್ರೆಯನ್ನು ಪಾಠ ಮಾಡಿದ್ದು ರಾಜಕೀಯ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಕುರ್ಚಿಯ ಲೆಕ್ಕವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳ್ತೀನಿ. 2017ರಲ್ಲಿ ಅಲಹಾಬಾದ್ ಹೈಕೋರ್ಟು ಮೇಷ್ಟ್ರ ನೇಮಕಾತಿಯ ಮೀಸಲಾತಿಯನ್ನು ಇಡೀ ವಿಶ್ವವಿದ್ಯಾನಿಲಯಕ್ಕೆ ಎಣಿಸಬಾರದು, ವಿಭಾಗವಾರು ಎಣಿಸಬೇಕು ಅಂದಿತು. 2018ರ ಮಾರ್ಚಿನಲ್ಲಿ ಯುಜಿಸಿ ಹಾಗೇ ಸುತ್ತೋಲೆ ಹೊರಡಿಸಿತು. ಹದಿಮೂರು ಬಿಂದುವಿನ ರೋಸ್ಟರ್ ಅಂತ ಅದರ ಹೆಸರು. ಅದರಲ್ಲಿ ಹಿಂದುಳಿದವರಿಗೆ ನಾಲ್ಕನೆಯ ಹುದ್ದೆ, ಪರಿಶಿಷ್ಟ ಜಾತಿಗೆ ಏಳನೆಯದು, ಪರಿಶಿಷ್ಟ ಪಂಗಡಕ್ಕೆ ಹದಿನಾಲ್ಕನೆಯದು. ಆರು ಮೇಷ್ಟ್ರುಗಳಿರುವ ವಿಭಾಗದಲ್ಲಿ ನಮ್ಮ ಸರದಿ ಯಾವಾಗ ಬರಬೇಕು? ಯಾರೂ ನಮ್ಮನ್ನು ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ಎಣಿಸುವ ರೀತಿ ಬದಲಾಯಿಸಿದರು, ಅಷ್ಟೆ. ಹುಡುಗರು, ಮೇಷ್ಟ್ರುಗಳು ಬೀದಿಗಿಳಿದರು. 2019ರಲ್ಲಿ ಸಂಸತ್ತು ಕಾಯಿದೆ ಮಾಡಿ ಇಡೀ ಸಂಸ್ಥೆಯನ್ನೇ ಒಂದು ಘಟಕ ಅಂತ ಮತ್ತೆ ಬರೆಯಬೇಕಾಯಿತು. ಮೇಷ್ಟ್ರುಗಳ ರಾಜಕೀಯದ ಬಗ್ಗೆ ಉಪದೇಶ ಮಾಡುವವರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ನಿಮ್ಮ ವಿಭಾಗದಲ್ಲಿ ಎಷ್ಟು ಕುರ್ಚಿ, ಯಾರು ಯಾರು ಕೂತಿದ್ದಾರೆ?

ಇಲ್ಲಿಯವರೆಗೆ ನೀವು ಚಪ್ಪಾಳೆ ಹೊಡೆದಿರಿ. ಈಗ ಹೇಳುವುದಕ್ಕೆ ಹೊಡೆಯುತ್ತೀರೋ ಇಲ್ಲವೋ ಗೊತ್ತಿಲ್ಲ.

ನಿಮ್ಮಲ್ಲೇ ಕೆಲವರು ಒಂದು ಅರ್ಜಿ ಬರೆದಿದ್ದೀರಿ. ಒಬ್ಬ ಮೇಷ್ಟ್ರು ತರಗತಿಯಲ್ಲಿ ಮೀಸಲಾತಿಯಿಂದ ಪ್ರತಿಭೆ ಹಾಳಾಯಿತು ಅಂದರು, ಅವರನ್ನು ವರ್ಗ ಮಾಡಿಸಬೇಕು ಅಂತ. ಸಹಿ ಹಾಕು ಅಂತ ನನಗೂ ಕೊಟ್ಟಿರಿ. ನಾನು ಹಾಕಿಲ್ಲ. ಯಾಕೆ ಅಂತ ಹೇಳ್ತೀನಿ.

ಅಭಿಪ್ರಾಯಕ್ಕೆ ವರ್ಗ ಅನ್ನುವ ಕೊಡಲಿಯನ್ನು ನಾವು ಇವತ್ತು ಮಸೆದು ಕೊಟ್ಟರೆ ನಾಳೆ ಅದು ಯಾರ ಕುತ್ತಿಗೆಗೆ? ನಮ್ಮ ನಾಡಿನಲ್ಲಿ ಚಳವಳಿಯ ನಾಯಕರಿಗೇ ಪ್ರೊಫೆಸರ್ ಅನ್ನುವ ಹೆಸರು ಅಂಟಿಕೊಂಡಿದೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಸಿದ್ಧಲಿಂಗಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಮೇಷ್ಟ್ರು. ಮೇಷ್ಟ್ರಿಗೆ ರಾಜಕೀಯ ಕೂಡದು ಅಂತ ನಿಯಮ ಬಂದಿದ್ದರೆ ಮೊದಲು ಹೋಗುತ್ತಿದ್ದವರು ಯಾರು? ದೂರದ ಮಾತೂ ಕೇಳಿ. 2022ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯ ಜನಾಂಗಭೇದದ ಕೆಲವು ವಿಚಾರಗಳನ್ನು ಪಾಠದಲ್ಲಿ ಒಪ್ಪಿ ಹೇಳಬಾರದು ಅಂತ ಕಾಯಿದೆ ಮಾಡಿತು. ಬಿಳಿಯ ಹುಡುಗರ ಮನಸ್ಸು ನೋಯಬಾರದು ಅನ್ನುವುದು ಅದರ ಹಿಂದಿನ ಮಾತು. ವಿಶ್ವವಿದ್ಯಾನಿಲಯಗಳ ಮಟ್ಟಿಗೆ ಅದೇ ವರ್ಷ ಒಬ್ಬ ನ್ಯಾಯಾಧೀಶ ಅದನ್ನು ತಡೆದ. ನೋಡಿ, ಮನಸ್ಸು ನೋಯುತ್ತದೆ ಅನ್ನುವ ಮಾತನ್ನು ಉಳ್ಳವರು ಎಷ್ಟು ಬೇಗ ಕಸಿದುಕೊಳ್ಳುತ್ತಾರೆ. ಜಾತಿಯ ಚರಿತ್ರೆ ಪಾಠ ಮಾಡಿದರೆ ನಮ್ಮ ಮನಸ್ಸು ನೋಯುತ್ತದೆ ಅಂತ ಇಲ್ಲಿಯೂ ಅರ್ಜಿ ಬರೆಯಲು ಜನ ಕಮ್ಮಿ ಇಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡು ಕೂರಬೇಕೆ? ಖಂಡಿತ ಬೇಡ. ಮೂರನ್ನು ಬೇರೆ ಬೇರೆ ಮಾಡಿ ನೋಡಿ.

ಒಂದು, ಮಾತು. ಮೇಷ್ಟ್ರು ತನ್ನ ಅಭಿಪ್ರಾಯ ಹೇಳಿದರೆ ಎದ್ದು ನಿಂತು ಉತ್ತರ ಕೊಡಿ. ಪ್ರತಿಭೆ ಹಾಳಾಯಿತು ಅಂದರೆ ಕೇಳಿ: ಸಾರ್, 1918ರಲ್ಲೇ ಮೈಸೂರು ಮಹಾರಾಜರು ಮಿಲ್ಲರ್ ಸಮಿತಿ ಯಾಕೆ ನೇಮಿಸಿದರು? ಸರ್ಕಾರಿ ನೌಕರಿ ಆಗ ಯಾರ ಕೈಲಿತ್ತು? 1975ರ ಹಾವನೂರ್ ವರದಿ ಏನು ಹೇಳುತ್ತದೆ? ಓದಿಕೊಂಡು ಹೋಗಿ ಕೇಳಿ. ಹತ್ತು ಹುಡುಗರು ಓದಿಕೊಂಡು ಬಂದ ತರಗತಿಯಲ್ಲಿ ಯಾವ ಮೇಷ್ಟ್ರೂ ಬಾಯಿಗೆ ಬಂದದ್ದು ಹೇಳಿ ದಕ್ಕಿಸಿಕೊಳ್ಳಲಾರ. ಎದ್ದು ನಿಂತ ಹುಡುಗನನ್ನು "ಕೂತ್ಕೊಳೋ" ಅಂದರೆ ಆಗ ಅರ್ಜಿ ಬರೆಯಿರಿ. ಯಾಕೆಂದರೆ ಎದುರು ಮಾತಿಗೆ ಜಾಗ ಕೊಡದ ಮೇಷ್ಟ್ರು ಮೇಷ್ಟ್ರ ಕೆಲಸ ಬಿಟ್ಟಿದ್ದಾನೆ. ಆ ಅರ್ಜಿಗೆ ನನ್ನ ಸಹಿ ಮೊದಲು.

ಎರಡು, ಅಂಕ. ಅಭಿಪ್ರಾಯ ಪೆನ್ನಿನ ತುದಿಗೆ ಇಳಿದು ಅಂಕ ಕಡಿದರೆ ಅದು ಕಳ್ಳತನ. 2011ರಲ್ಲಿ ಸುಪ್ರೀಂ ಕೋರ್ಟು ಮಾಹಿತಿ ಹಕ್ಕು ಕಾಯಿದೆಯಡಿ ಪರೀಕ್ಷೆ ಬರೆದವನು ತನ್ನ ಉತ್ತರಪತ್ರಿಕೆ ನೋಡಬಹುದು ಅಂತ ಹೇಳಿದೆ. ಕೇಳಿ ತೆಗೆದುಕೊಳ್ಳಿ. ಇಂಟರ್ನಲ್ ಅಂಕಗಳನ್ನು ಬರೆದಿಟ್ಟುಕೊಳ್ಳಿ, ಒಬ್ಬರದನ್ನು ಇನ್ನೊಬ್ಬರದರ ಪಕ್ಕ ಇಟ್ಟು ನೋಡಿ. ಬರೀ ಗೊಣಗಿದರೆ ಅವರು ನಗುತ್ತಾರೆ. ಲೆಕ್ಕ ಇಟ್ಟರೆ ಉತ್ತರ ಕೊಡಲೇಬೇಕು.

ಮೂರು, ಅವಮಾನ. ಜನರೆದುರಿಗೆ ಜಾತಿ ಹಿಡಿದು ಬೈಯುವುದು ಅಭಿಪ್ರಾಯ ಅಲ್ಲ. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ಅಲ್ಲಿ ಚರ್ಚೆಯ ಮಾತೇ ಇಲ್ಲ, ಠಾಣೆಯ ಮಾತು.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ನಿಮ್ಮಲ್ಲಿ ನಾಳೆ ಮೇಷ್ಟ್ರಾಗುವವರು ಇದ್ದೀರಿ. ಆಗಬೇಕು, ಅದೇ ನಮ್ಮ ಆಸೆ. ಆ ಕುರ್ಚಿಯಲ್ಲಿ ಕೂತಾಗ ನಿಮ್ಮ ಮುಂದೆ ಮೇಲ್ಜಾತಿಯ ಒಬ್ಬ ಹುಡುಗ ಮೀಸಲಾತಿ ತಪ್ಪು ಅಂತ ಉತ್ತರ ಬರೆದು, ವಾದವನ್ನು ಸರಿಯಾಗಿ ಕಟ್ಟಿದ್ದರೆ, ಅವನಿಗೆ ಬರಬೇಕಾದ ಅಂಕ ಕೊಡಿ. ನಮ್ಮ ಅಪ್ಪಂದಿರು ಗೌಡನ ಕಣದಲ್ಲಿ ರಾಗಿ ಅಳೆಸಿಕೊಂಡವರು. ಸೇರು ಯಾವತ್ತೂ ಅವರಿಗೆ ತುಂಬಿ ಬರಲಿಲ್ಲ. ಸುಳ್ಳು ಸೇರಿನ ರುಚಿ ಗೊತ್ತಿರುವವರು ನಾವು. ಆ ಸೇರು ನಮ್ಮ ಕೈಗೆ ಬಂದ ದಿನ ಸರಿಯಾಗಿ ಅಳೆಯೋಣ. ಮೇಷ್ಟ್ರು ಯಾವ ಕಡೆ ಬೇಕಾದರೂ ಇರಲಿ, ಸೇರು ಮಾತ್ರ ಯಾರ ಕಡೆಗೂ ವಾಲಬಾರದು.

ಅರ್ಜಿಯನ್ನು ಹರಿಯಬೇಡಿ. ಹಿಂದುಗಡೆ ಖಾಲಿ ಇದೆ. ಅಲ್ಲಿ ನಿಮ್ಮ ವಿಭಾಗದ ಕುರ್ಚಿಗಳ ಲೆಕ್ಕ ಬರೆಯಿರಿ. ಮುಂದಿನ ಭಾನುವಾರ ಅದನ್ನು ಓದೋಣ.

ಜೈ ಭೀಮ್.