ಕೇಳುವವರ ಪರ ನಿಂತ ಭಾಷೆ



ಡೊನಾಲ್ಡ್ ಚೇಂಬರ್ಲಿನ್ ಅವರ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಆದರೆ ಬ್ಯಾಂಕಿನ ಖಾತೆಯಲ್ಲಿ ಎಷ್ಟು ಹಣ ಉಳಿದಿದೆ ಎಂದು ನೋಡುವಾಗ, ಪರದೆಯ ಹಿಂದೆ ಓಡುವುದು ಬಹುಪಾಲು ಎಸ್‌ಕ್ಯೂಎಲ್ ಭಾಷೆಯ ಒಂದು ಪ್ರಶ್ನೆ. ಆ ಭಾಷೆಯನ್ನು ಮೊದಲು ರೂಪಿಸಿದ ಇಬ್ಬರಲ್ಲಿ ಅವರೊಬ್ಬರು.

ಆ ಭಾಷೆ ಬರುವ ಮೊದಲು ಕಂಪ್ಯೂಟರಿನಿಂದ ಒಂದು ಉತ್ತರ ಪಡೆಯಲು ಪ್ರೋಗ್ರಾಮರನೇ ಬೇಕಿತ್ತು. ಯಾವ ದಾಖಲೆಯಿಂದ ಯಾವುದಕ್ಕೆ ಹೋಗಬೇಕು ಎಂದು ಆತ ಹೆಜ್ಜೆ ಹೆಜ್ಜೆಗೂ ಬರೆಯಬೇಕು. ದಾಖಲೆಗಳ ಜೋಡಣೆ ಬದಲಾದರೆ ಎಲ್ಲವನ್ನೂ ತಿದ್ದಬೇಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟರೆ ಬೇಕಾದದ್ದೇನು ಎಂದಷ್ಟೇ ಹೇಳಿದರೆ ಸಾಕು, ಹುಡುಕುವ ದಾರಿ ಯಂತ್ರದ ಪಾಲು ಎಂದು ತೋರಿಸಿದರು. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ರೇ ಬಾಯ್ಸ್ ಇದಕ್ಕೆ ಮಾರುಹೋದರು. ಆದರೆ ಕಾಡ್ ಬಳಸಿದ್ದು ಗಣಿತದ ಚಿಹ್ನೆಗಳನ್ನು. ಈ ಇಬ್ಬರು ಮೊದಲು ಕಟ್ಟಿದ ‘ಸ್ಕ್ವೇರ್’ ಭಾಷೆಯನ್ನೂ ಕೀಲಿಮಣೆಯಲ್ಲಿ ಒತ್ತುವುದು ಕಷ್ಟವಾಗಿತ್ತು. ಅದನ್ನು ಬಿಟ್ಟು 1974ರಲ್ಲಿ ಸರಳ ಇಂಗ್ಲಿಷ್ ಪದಗಳ ‘ಸೀಕ್ವೆಲ್’ ತಂದರು. ಆ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಮುಂದೆ ಎಸ್‌ಕ್ಯೂಎಲ್ ಆಯಿತು. ಬಾಯ್ಸ್ 1974ರಲ್ಲೇ, ಇನ್ನೂ ಎಳೆಯ ವಯಸ್ಸಿನಲ್ಲಿ, ತೀರಿಕೊಂಡರು. ತಮ್ಮ ಭಾಷೆ ಎಲ್ಲಿಗೆ ಮುಟ್ಟಿತೆಂದು ಅವರು ನೋಡಲೇ ಇಲ್ಲ.

ಭಾಷೆ ಸರಳವಾದಷ್ಟೂ ಅದರ ಹಿಂದಿನ ಯಂತ್ರದ ಹೊಣೆ ಹೆಚ್ಚುತ್ತದೆ. 1970ರ ದಶಕದಲ್ಲೇ ಒಮ್ಮೆ ಚೇಂಬರ್ಲಿನ್ ಮತ್ತು ಅವರ ಸಹೋದ್ಯೋಗಿಗಳಾದ ಪ್ಯಾಟ್ ಸೆಲಿಂಜರ್, ಮಾರ್ಟನ್ ಆಸ್ಟ್ರಹಾನ್ ಒಂದು ಸಾಲು ಓಡಿಸಿ ನೋಡಿದರು: 25,000 ಡಾಲರಿಗಿಂತ ಕಡಿಮೆ ಸಂಬಳದವರಿಗೆಲ್ಲ ಶೇಕಡಾ 10 ಏರಿಸು. ಮುಗಿದಾಗ ಅವರೆಲ್ಲರ ಸಂಬಳ ಕನಿಷ್ಠ 25,000ಕ್ಕೆ ಮುಟ್ಟಿತ್ತು! ಯಂತ್ರ ಸಂಬಳದ ಏರಿಕೆಯ ಕ್ರಮದಲ್ಲೇ ದಾಖಲೆಗಳನ್ನು ಓದುತ್ತಿತ್ತು. ಏರಿಸಿದ ದಾಖಲೆ ಆ ಕ್ರಮದಲ್ಲಿ ಮುಂದಕ್ಕೆ ಸರಿದು ಮತ್ತೆ ಎದುರಾಗುತ್ತಿತ್ತು, ಮತ್ತೆ ಏರುತ್ತಿತ್ತು. ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಪತ್ತೆಯಾದ ಈ ತೊಡಕಿಗೆ ಆ ಹಬ್ಬದ ಹೆಸರೇ ನಿಂತಿದೆ. ಬರೆದವರ ಸಾಲಿನಲ್ಲಿ ತಪ್ಪೇ ಇರಲಿಲ್ಲ. ಪರಿಹರಿಸಬೇಕಾದದ್ದು ವ್ಯವಸ್ಥೆ ಕಟ್ಟುವವರು. ಈ ಹೊಣೆ ಹೊತ್ತದ್ದೇ ಆ ತಂಡದ ದೊಡ್ಡತನ ಎಂದು ನಾನು ನಂಬಿದ್ದೇನೆ.

ಇನ್ನೊಂದು ಮಾತು. ಐಬಿಎಂ ಈ ಸಂಶೋಧನೆಯನ್ನು ಬಚ್ಚಿಡದೆ ಪ್ರಬಂಧಗಳಾಗಿ ಪ್ರಕಟಿಸಿತು. ಅವನ್ನು ಓದಿ ಆರೇಕಲ್ ಸಂಸ್ಥಾಪಕರು 1979ರಲ್ಲೇ, ಐಬಿಎಂಗಿಂತ ಮೊದಲು, ಎಸ್‌ಕ್ಯೂಎಲ್ ಆಧಾರಿತ ಉತ್ಪನ್ನವನ್ನು ಮಾರುಕಟ್ಟೆಗೆ ತಂದರು. ವ್ಯಾಪಾರದ ಲೆಕ್ಕದಲ್ಲಿ ಅದು ಐಬಿಎಂಗೆ ನಷ್ಟವಿರಬಹುದು. ಆದರೆ ಹಲವು ಕಂಪನಿಗಳು ಒಂದೇ ಭಾಷೆ ಆಡತೊಡಗಿದ್ದರಿಂದಲೇ 1986ರಲ್ಲಿ ಅಮೆರಿಕದ, 1987ರಲ್ಲಿ ಅಂತರರಾಷ್ಟ್ರೀಯ ಮಾನಕ ಸಾಧ್ಯವಾಯಿತು.

ಮುಂದೆ ಕೋಷ್ಟಕಕ್ಕೆ ಒಗ್ಗದ ಮಾಹಿತಿ ಬಂತು. ಅಂಥ ಮಾಹಿತಿಯನ್ನು ಬರೆಯುವ ಒಂದು ರೂಪವಾದ ಎಕ್ಸ್‌ಎಂಎಲ್‌ಗಾಗಿ 2000ದಲ್ಲಿ ಜೊನಾಥನ್ ರಾಬಿ, ಡೇನಿಯೆಲಾ ಫ್ಲೊರೆಸ್ಕು ಜೊತೆ ಚೇಂಬರ್ಲಿನ್ ‘ಕ್ವಿಲ್ಟ್’ ರೂಪಿಸಿದರು. ಅದರಿಂದ ಬೆಳೆದ ಎಕ್ಸ್‌ಕ್ವೆರಿ 2007ರಲ್ಲಿ ಮಾನಕವಾಯಿತು, ಆದರೆ ಎಸ್‌ಕ್ಯೂಎಲ್‌ನಷ್ಟು ಹರಡಲಿಲ್ಲ. ಅಂಥದ್ದೇ ಇನ್ನೊಂದು ರೂಪವಾದ ಜೇಸನ್ ಬಳಕೆ ಹರಡಿದ ಮೇಲೆ, ಎಪ್ಪತ್ತು ದಾಟಿದ ಚೇಂಬರ್ಲಿನ್ ಇತರರು ಕಟ್ಟಿದ ಎಸ್‌ಕ್ಯೂಎಲ್ ಪ್ಲಸ್ ಪ್ಲಸ್ ಭಾಷೆಯನ್ನು ಕಲಿಸುವ ಪಠ್ಯ ಬರೆಯಲು ಕೂತರು. 2018ರ ಆ ಪಠ್ಯ ಹಳೆಯ ಎಸ್‌ಕ್ಯೂಎಲ್ ಬಲ್ಲವರಿಗೆಂದೇ ಬರೆದದ್ದು. ಗೊತ್ತಿರುವುದರಿಂದ ಶುರುಮಾಡಿ, ಹೊಸದಾಗಿ ಬೇಕಾದಷ್ಟನ್ನೇ ಅದು ಸೇರಿಸುತ್ತ ಹೋಗುತ್ತದೆ.