ದಂಡಯಾತ್ರೆಗೆ ನಾಮಕರಣ

(ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ದಿನವೆಲ್ಲ ಫೈಲುಗಳಿಗೆ ನಂಬರು ಹಾಕುವವರು. ಯುದ್ಧದ ಯೋಜನೆಯೂ ಮೊದಲು ಒಂದು ಫೈಲೇ. ಅದಕ್ಕೊಂದು ಹೆಸರು ಬೇಕು. ಆದರೆ ಆ ಹೆಸರು ಒಳಗಿನ ಗುಟ್ಟನ್ನು ಹೊರಗೆಡಹಬಾರದು. ಆದುದರಿಂದ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಪದಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡು, ಕಾರ್ಯಾಚರಣೆಗೆ ಒಂದರಂತೆ ಹಂಚುತ್ತಿದ್ದರು.

ಜರ್ಮನರು ಈ ವಿಷಯದಲ್ಲಿ ಎಡವಿದರು. 1940ರಲ್ಲಿ ಕಡಲು ದಾಟಿ ಇಂಗ್ಲೆಂಡಿಗೆ ನುಗ್ಗುವ ಯೋಜನೆಗೆ ಅವರು ಇಟ್ಟ ಹೆಸರು ‘ಕಡಲಸಿಂಹ’! ಗುಟ್ಟು ಹೆಸರಿನಲ್ಲಿಯೇ ಇತ್ತು. 1941ರಲ್ಲಿ ರಷ್ಯದ ಮೇಲೆ ಏರಿಹೋದಾಗ ಹಿಂದಿನ ಚಕ್ರವರ್ತಿ ‘ಬಾರ್ಬರೋಸ’ನ ಹೆಸರನ್ನಿಟ್ಟರು. ಆ ಚಕ್ರವರ್ತಿಯಾದರೋ 1190ರಲ್ಲಿ ದಂಡಯಾತ್ರೆಯ ನಡುದಾರಿಯಲ್ಲಿಯೇ ಹೊಳೆಯಲ್ಲಿ ಮುಳುಗಿ ಸತ್ತಿದ್ದ.

1943ರ ಆಗಸ್ಟಿನಲ್ಲಿ ಪ್ರಧಾನಿ ಚರ್ಚಿಲ್ಲರು ಅಧಿಕಾರಿಗಳಿಗೆ ಒಂದು ಟಿಪ್ಪಣಿ ಕಳುಹಿಸಿದರು. ಬಹಳ ಜನ ಸಾಯಬಹುದಾದ ಕಾರ್ಯಕ್ಕೆ ಜಂಬದ ಹೆಸರೂ ಬೇಡ, ಹುಡುಗಾಟದ ಹೆಸರೂ ಬೇಡ ಎಂಬುದು ಅದರ ತಾತ್ಪರ್ಯ. ‘ಬನಿಹಗ್’ ಎಂಬುದು ಒಂದು ಕುಣಿತದ ಹೆಸರು. ನನ್ನ ಮಗ ‘ಬನಿಹಗ್’ನಲ್ಲಿ ಸತ್ತನೆಂದು ಯಾವ ತಾಯಿಯೂ ಹೇಳಿಕೊಳ್ಳುವಂತಾಗಬಾರದು ಎಂದು ಅವರು ಬರೆದರು. ಅವರ ರಾಜಕೀಯ ನಮಗೆ ಒಪ್ಪಿಗೆಯಾಗದಿರಬಹುದು. ಈ ಮಾತು ಮಾತ್ರ ಒಪ್ಪತಕ್ಕದ್ದು.

ಆದರೆ ಸೌಮ್ಯವಾದ ಹೆಸರಿಟ್ಟ ಮಾತ್ರಕ್ಕೆ ಯುದ್ಧ ಸೌಮ್ಯವಾಗುವುದಿಲ್ಲ. 1966ರಲ್ಲಿ ಅಮೆರಿಕದವರು ವಿಯೆಟ್ನಾಮಿನಲ್ಲಿ ‘ಮ್ಯಾಷರ್’, ಎಂದರೆ ‘ಜಜ್ಜುವವನು’, ಎಂಬ ಹೆಸರಿನ ಕಾರ್ಯಾಚರಣೆ ಆರಂಭಿಸಿದರು. ಅಧ್ಯಕ್ಷ ಜಾನ್ಸನ್ನರಿಗೆ ಅದು ರುಚಿಸಲಿಲ್ಲ. ಕೂಡಲೇ ಅದು ‘ಬಿಳಿ ರೆಕ್ಕೆ’ಯಾಯಿತು. ಹೆಸರು ಬದಲಾಯಿತು, ಗುಂಡು ಬದಲಾಗಲಿಲ್ಲ, ಹೆಣಗಳೂ ತಪ್ಪಲಿಲ್ಲ.

ನಮ್ಮ ದೇಶದಲ್ಲಿ 1961ರ ಗೋವಾ ವಿಮೋಚನೆಗೆ ‘ಆಪರೇಷನ್ ವಿಜಯ್’ ಎಂದು ಹೆಸರು. ಅದು ಎರಡು ದಿನಗಳೊಳಗೆ ಮುಗಿಯಿತು. 1999ರಲ್ಲಿ ಕಾರ್ಗಿಲ್ಲಿಗೂ ಅದೇ ಹೆಸರು ಬಂತು. ಅಲ್ಲಿ ಐನೂರಕ್ಕೂ ಹೆಚ್ಚು ಯೋಧರು ಪ್ರಾಣ ತೆತ್ತರು. ಎರಡೂ ‘ವಿಜಯ’ವೇ, ಆದರೆ ಊರಿಗೆ ತಂತಿ, ಟೆಲಿಫೋನು ಬಂದ ಮನೆಗಳಲ್ಲಿ ಆ ಪದ ಬೇರೆಯಾಗಿ ಕೇಳಿಸಿರಬೇಕು.

ಮಹನೀಯರೇ, ಹೆಸರಿಡುವವರು ಮೇಜಿನ ಮುಂದೆ ಕುಳಿತವರು. ಅದನ್ನು ಬಾಳೆಲ್ಲ ನೆನೆಯುವವರು ಮನೆಯಲ್ಲಿ ಉಳಿದವರು. ಇಲ್ಲಿ ಪತ್ರಿಕೆ ಬಿಡಿಸಿದಾಗ ಇಂತಹ ಹೆಸರೊಂದು ಕಣ್ಣಿಗೆ ಬಿದ್ದರೆ, ಅದರ ಚೆಂದಕ್ಕೆ ಮರುಳಾಗದೆ, ಅದರ ಹಿಂದೆ ಎಷ್ಟು ಮನೆಮಕ್ಕಳ ಹೆಸರುಗಳಿವೆ ಎಂದು ಒಂದು ಕ್ಷಣ ಯೋಚಿಸೋಣ. ಇಷ್ಟೇ ನನ್ನ ಬಿನ್ನಹ.